ಟಾಕಿ ತೊಳೆಯುವ ಸರ್ವಿಸ್: ಕೆಸರು ತೆಗೆದದ್ದಕ್ಕೆ ಕೊಟ್ಟ ದುಡ್ಡು ಸರಿ, ನೀಲಿ ದೀಪಕ್ಕೆ ಕೊಟ್ಟಿದ್ದು ದಂಡ

ಸೋಲಾಪುರದಲ್ಲಿ ಈಗ ನೀರಿನ ಟಾಕಿ ತೊಳೆಯುವವರು ಗಲ್ಲಿಗೊಬ್ಬರು ಸಿಗುತ್ತಾರೆ. ಜುಳೆ ಸೋಲಾಪುರದ ನಮ್ಮ ಮನೆಗೆ ಕರೆಸಿದ್ದೂ ಅಂಥದ್ದೇ ಒಂದು ಕಂಪನಿ, ಹೆಸರು ಬೇಡ. ಮೇಲಿನ ಸಾವಿರ ಲೀಟರ್ ಪ್ಲಾಸ್ಟಿಕ್ ಟಾಕಿಗೆ 600 ರೂಪಾಯಿ, ನೆಲದೊಳಗಿನ ಹೌದಕ್ಕೆ (ಸಂಪ್‌ಗೆ) 1,500, ಕೊನೆಯಲ್ಲಿ ‘ಯುವಿ ಟ್ರೀಟ್‌ಮೆಂಟ್’ ಅಂತ ನೀಲಿ ದೀಪ (ನೇರಳಾತೀತ ಬೆಳಕು) ಹಿಡಿದದ್ದಕ್ಕೆ ಇನ್ನೂ 400.

ಪುಣೆಯ ನೆಂಟರು ಇದಕ್ಕೆಲ್ಲ ಯಾಕೆ ದುಡ್ಡು ಅಂತ ನಕ್ಕರು. ಅವರಿಗೇನು, ನಳ ದಿನಾ ಬರುತ್ತದೆ. ಇಲ್ಲಿ ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ನಳ ಬಿಟ್ಟು ರೂಢಿಯಾಗಿದೆ. ಹಾಗಾಗಿ ಹೌದ, ಟಾಕಿ, ಪೀಪಾಯಿ, ಕೊಡ ಎಲ್ಲ ತುಂಬಿಟ್ಟುಕೊಳ್ಳಬೇಕು. ಮಹಾನಗರಪಾಲಿಕೆ ಎಷ್ಟೇ ಶುದ್ಧ ಮಾಡಿ ಕಳಿಸಿದರೂ ಆ ನೀರು ನಮ್ಮ ಹೌದದಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಅದರಲ್ಲಿದ್ದ ಕ್ಲೋರಿನ್ ಅಷ್ಟರಲ್ಲಿ ಇಳಿದುಹೋಗುತ್ತದೆ. ಆಮೇಲಿನ ಜವಾಬ್ದಾರಿ ನಮ್ಮದೇ ಅಲ್ವಾ?

ಇನ್ನು ಈ ನೀರು ಬರುವ ದಾರಿ ನೋಡಿ. ಉಜನಿ ಡ್ಯಾಮ್ ನಮಗೆ ನೂರು ಕಿಲೋಮೀಟರಿಗೂ ದೂರ. ಒಂದಷ್ಟು ನೀರು ಪೈಪಿನಲ್ಲಿ ಬರುತ್ತದೆ. ಇನ್ನಷ್ಟನ್ನು ಭೀಮಾ ನದಿಗೇ ಬಿಡುತ್ತಾರೆ. ಅದು ಹರಿದು ಬಂದು ಕರ್ನಾಟಕದ ಗಡಿಯ ಔಜ್ ಬಂಧಾರದಲ್ಲಿ (ನದಿಗೆ ಕಟ್ಟಿದ ಸಣ್ಣ ಒಡ್ಡು) ನಿಲ್ಲಬೇಕು, ತಾಕಳಿಯಲ್ಲಿ ಎತ್ತಿ ಸೋರೆಗಾವ್‌ಗೆ ತಂದು ಶುದ್ಧ ಮಾಡಬೇಕು. ದಾರಿಯಲ್ಲಿ ಬಿಸಿಲು ಕುಡಿಯುತ್ತದೆ, ಮರಳು ಕುಡಿಯುತ್ತದೆ, ದಂಡೆಯ ಕಬ್ಬಿನ ಮೋಟರ್‌ಗಳೂ ಕುಡಿಯುತ್ತವೆ. ಬಿಟ್ಟದ್ದರಲ್ಲಿ ನಮ್ಮ ನಳಕ್ಕೆ ಮುಟ್ಟುವುದು ಸಣ್ಣ ಪಾಲು. ಬೇಸಿಗೆಯಲ್ಲಿ ‘ಉಜನಿ ಮೈನಸ್‌ಗೆ ಹೋಯಿತು’ ಅಂತ ಇಲ್ಲಿ ಚಿಕ್ಕ ಮಕ್ಕಳೂ ಹೇಳುತ್ತಾರೆ. ಮಾಮೂಲಿ ಬಳಕೆಯ ಮಟ್ಟಕ್ಕಿಂತ ಕೆಳಗೆ ತಳದಲ್ಲಿ ಉಳಿಯುವ ಮೃತ ಸಂಗ್ರಹಕ್ಕೆ ಕೈಹಾಕಿದ್ದಾರೆ ಅಂತ ಅರ್ಥ.

ಆ ಉಜನಿಗೆ ಮೇಲಿನಿಂದ ಬರುವುದೇನು? ಮಳೆನೀರಿನ ಜೊತೆ ಪುಣೆ ಮತ್ತು ಪಿಂಪ್ರಿ-ಚಿಂಚವಡದ ಕೊಳಚೆ. ಪವನಾ ನದಿ ಮುಳಾ ನದಿಗೆ, ಮುಳಾ-ಮುಠಾ ಭೀಮೆಗೆ, ಭೀಮಾ ಉಜನಿಗೆ. ಪುಣೆಯ ನದಿ ಶುದ್ಧೀಕರಣಕ್ಕೆ ಜಪಾನಿನ ಸಾಲದಲ್ಲಿ 990 ಕೋಟಿ ರೂಪಾಯಿಯ ಯೋಜನೆ ಮಾಡಿದರು. 11 ಘಟಕ, ದಿನಕ್ಕೆ 39.6 ಕೋಟಿ ಲೀಟರ್ ಕೊಳಚೆ ಶುದ್ಧ ಮಾಡುವ ಲೆಕ್ಕ. ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಕೆಲಸ ಎಳೆದು ಎಳೆದು ವರ್ಷಗಳೇ ಕಳೆದವು. ನಕ್ಕ ನೆಂಟರಿಗೆ ಇದನ್ನೂ ಹೇಳಿದೆ, ಸುಮ್ನಾದರು. ಹಾಗಂತ ನಾವೇನು ಸಾಚಾ ಅಲ್ಲ, ನಮ್ಮೂರ ನಾಲಾಗಳು ಸೀನಾ ನದಿಗೆ ಸೇರುತ್ತವೆ, ಸೀನಾ ಕೂಡಲದಲ್ಲಿ ಭೀಮೆಗೆ, ಅಲ್ಲಿಂದ ಮುಂದೆ ಕರ್ನಾಟಕದವರ ಪಾಲಿಗೆ.

ಸರ್ವಿಸ್ ವಿಷಯಕ್ಕೆ ಬರುತ್ತೇನೆ. ಹೇಳಿದ ಹೊತ್ತಿಗೆ ಬಂದರು, ಅದು ದೊಡ್ಡದು. ಟಾಕಿಯ ಕೆಲಸ ನಿಜಕ್ಕೂ ಚೆನ್ನಾಗಿತ್ತು. ನೀರು ಖಾಲಿ ಮಾಡಿ, ತಳದ ಕೆಸರನ್ನು ಪಂಪಿನಿಂದ ಎಳೆದು, ಜೆಟ್ ಹೊಡೆದು, ಮೂಲೆಗಳನ್ನು ಬ್ರಷ್‌ನಿಂದ ಉಜ್ಜಿದರು. ಬಕೆಟಿನಲ್ಲಿ ಬಿದ್ದ ಕೆಸರು ಅರಿಶಿನ ಕಲಸಿದ ಹಾಗೆ ನುಣ್ಣಗೆ ಇತ್ತು. ಇದನ್ನೇ ಕುಡಿಯುತ್ತಿದ್ದೆವಲ್ಲ ಅಂತ ಮನೆಯವರು ಮುಖ ಸಿಂಡರಿಸಿದರು.

ಹೌದದ ಹತ್ತಿರ ನನಗೆ ಸಿಟ್ಟು ಬಂತು. ಮುಚ್ಚಳ ತೆಗೆದ ಕೂಡಲೇ ಹುಡುಗನೊಬ್ಬ ಒಳಗೆ ಇಳಿಯಲು ಹೊರಟ. ಗಾಳಿ ಆಡಲು ಬಿಟ್ಟಿರಲಿಲ್ಲ, ಹಗ್ಗ ಇಲ್ಲ, ಫ್ಯಾನ್ ಇಲ್ಲ. ಮುಚ್ಚಿದ ಹೌದದಲ್ಲಿ ಆಮ್ಲಜನಕ ಕಡಿಮೆಯಾಗಿ ಮನುಷ್ಯ ಅಲ್ಲೇ ಕುಸಿದು ಬೀಳಬಹುದು. ನಾನೇ ತಡೆದೆ, ಮನೆಯ ಟೇಬಲ್ ಫ್ಯಾನ್ ತಂದು ಹಚ್ಚಿಸಿ, ಒಂದು ತಾಸು ಬಿಟ್ಟು ಇಳಿಸಿದೆ. ಇನ್ನೊಂದು ವಿಷಯ, ಅವರ ಗಾಡಿಯಲ್ಲಿ ಡ್ರೇನೇಜ್ ಪೈಪ್ ತೊಳೆಯುವ ಸಾಮಾನೂ ಇತ್ತು. ಜೆಟ್ ಪೈಪ್ ಬೇರೆ ಬೇರೆಯಾ ಅಂತ ಕೇಳಿದರೆ ಒಬ್ಬ ಹೌದು ಅಂದ, ಇನ್ನೊಬ್ಬ ಆ ಕಡೆ ನೋಡಿದ. ನೀವು ಕರೆಸಿದರೆ ಮೊದಲು ಗಾಡಿ ನೋಡಿ.

ಇನ್ನು ಆ ನೀಲಿ ದೀಪ. “ಕಾಕಾ, ಇದು ಹಿಡಿದರೆ ಆರು ತಿಂಗಳು ಚಿಂತೆ ಇಲ್ಲ” ಅಂದ ಅವರಲ್ಲೊಬ್ಬ. ಸುಳ್ಳು. ಯುವಿ ಬೆಳಕು ಬಿದ್ದ ಜಾಗದ ಕ್ರಿಮಿ ಸಾಯುತ್ತದೆ, ದೀಪ ಆರಿಸಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಮುಂದಿನ ಸಲ ನಳ ಬಂದಾಗ ಹೊಸ ನೀರು, ಹೊಸ ಕತೆ. ಅದರ ಬದಲು ಬ್ಲೀಚಿಂಗ್ ಪೌಡರ್ ಸಾಕು. ತಾಜಾ, ಒಳ್ಳೆ ಪೌಡರ್ ಆದರೆ ಸಾವಿರ ಲೀಟರ್ ತಿಳಿನೀರಿಗೆ ಸುಮಾರು ಎರಡೂವರೆ ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಒಂದು ತಾಸು ಬಿಡಬೇಕು. ಕ್ಲೋರಿನ್ ಉಳಿದಿದೆಯಾ ಅಂತ ನೋಡಲು ಓಟಿ (ಆರ್ಥೋಟೊಲಿಡಿನ್) ದ್ರಾವಣ ಸಿಗುತ್ತದೆ. ಒಂದು ಚಿಕ್ಕ ಗಾಜಿನ ನಳಿಗೆಯಷ್ಟು ನೀರಿಗೆ ಹನಿ ಹಾಕಿದರೆ ಹಳದಿ ಆಗಬೇಕು. ಆ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ. ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಭಾರತೀಯ ಮಾನಕ.

ಡೆಂಗಿ ಸೊಳ್ಳೆಗೂ ಇವರ ಹತ್ತಿರ ಒಂದು ಸ್ಪ್ರೇ ಪ್ಯಾಕೇಜ್ ಇದೆ, ತೆಗೆದುಕೊಳ್ಳಬೇಡಿ. ವಾರಕ್ಕೊಂದು ‘ಕೋರಡಾ ದಿವಸ’ (ಒಣ ದಿನ) ಮಾಡಿ ಕೊಡ, ಪೀಪಾಯಿ ಎಲ್ಲ ಒಣಗಿಸಿ ಅಂತ ಆರೋಗ್ಯ ಇಲಾಖೆಯವರು ಹೇಳುವುದು ಸುಮ್ನೆ ಅಲ್ಲ, ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಬೇಕು.

ಐದರಲ್ಲಿ ಮೂರು ಸ್ಟಾರ್. ಮಳೆಗಾಲ ಮುಗಿದ ಮೇಲೆ ಮತ್ತೆ ಕರೆಸುತ್ತೇನೆ, ಟಾಕಿ ಮತ್ತು ಹೌದಕ್ಕೆ ಮಾತ್ರ. ಫ್ಯಾನ್, ಹಗ್ಗ ಅವರೇ ತರಬೇಕು, ದೀಪ ಗಾಡಿಯಲ್ಲೇ ಇರಲಿ ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದೇನೆ.