ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕೇ ಕಾಣದಿದ್ದರೆ: ಡ್ರೈವರ್ ಹಾಕೋದಾ, ವಿಎಂಡಿ ಆಫ್ ಮಾಡೋದಾ, ಅಂಗಡಿಗೆ ಕೊಡೋದಾ?

ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ತಗೊಂಡರೆ ಒಂದಿಷ್ಟು ದುಡ್ಡು ಉಳಿಯುತ್ತದೆ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಅದನ್ನೇ ಮಾಡಿದ. ಇಂಟೆಲ್ 12ನೇ ತಲೆಮಾರಿನ ಐ5, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ವಿಂಡೋಸ್ 11 ಹಾಕಲು ಕೂತರೆ ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ಎಲ್ಲಿ ಇನ್‌ಸ್ಟಾಲ್ ಮಾಡಲಿ ಎಂದು ಕೇಳುವ ಪುಟಕ್ಕೆ ಬಂದಾಗ ಪಟ್ಟಿ ಪೂರ್ತಿ ಖಾಲಿ. "ಮಾಮಾ, ಡಿಸ್ಕೇ ತೋರ್ಸವಲ್ದು ನೋಡ್ರಿ" ಅಂದ.

ಡಿಸ್ಕ್ ಕೆಟ್ಟಿರಲಿಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್) ಎನ್ನುವ, ಡಿಸ್ಕನ್ನು ನೋಡಿಕೊಳ್ಳುವ ಒಂದು ಕಂಟ್ರೋಲರ್ ಆನ್ ಆಗಿಯೇ ಬರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಇರುತ್ತದೆ. ಆ ಕಂಟ್ರೋಲರ್‌ಗೆ ಬೇಕಾದ ಡ್ರೈವರ್ ವಿಂಡೋಸ್ ಸೆಟಪ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್ ಕಾಣುವುದಿಲ್ಲ, ಅಷ್ಟೇ. ಎಎಂಡಿ ರೈಝನ್ ಇರುವವರಿಗೆ ಈ ತಲೆನೋವು ಇಲ್ಲ.

ಇದಕ್ಕೆ ದಾರಿ ಮೂರು. ಮೂರನ್ನೂ ಅದೇ ಯಂತ್ರದ ಮೇಲೆ ನೋಡಿದ್ದೇವೆ. ಒಳಗೆ ಯಾವ ಫೈಲೂ ಇರಲಿಲ್ಲವಲ್ಲ, ಹಾಗಾಗಿ ಧೈರ್ಯವಿತ್ತು.

ಅಂಗಡಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಒಯ್ದೆವು. ಅದೇ ಖಾಲಿ ಪಟ್ಟಿ ನೋಡಿ, "ಎಸ್‌ಎಸ್‌ಡಿ ಹೋಗ್ಯಾದ್ರಿ, ಬದಲಿ ಮಾಡಬೇಕು" ಅಂದರು. ಬಯಾಸ್‌ನ (ವಿಂಡೋಸ್‌ಗಿಂತ ಮೊದಲೇ ತೆರೆಯುವ ಯಂತ್ರದ ಸೆಟ್ಟಿಂಗ್) ಮೊದಲ ಪುಟದಲ್ಲೇ ಎಸ್‌ಎಸ್‌ಡಿ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು, ಅದನ್ನು ತೆರೆದೂ ನೋಡಲಿಲ್ಲ. ವಿಂಡೋಸ್ ಲೈಸೆನ್ಸ್ ಬಗ್ಗೆ ಕೇಳಿದರೆ "ನಾವೇ ಆ್ಯಕ್ಟಿವೇಟ್ ಮಾಡಿ ಕೊಡ್ತೀವಿ" ಎಂಬ ಉತ್ತರ. ಕದ್ದ ಆ್ಯಕ್ಟಿವೇಟರ್ ಜೊತೆ ಇನ್ನೇನೇನು ಒಳಗೆ ಬರುತ್ತದೋ ಯಾರಿಗೆ ಗೊತ್ತು? ವಾಪಸ್ ತಂದೆವು. ಎಲ್ಲ ಅಂಗಡಿಯವರೂ ಹೀಗೇ ಅಂತ ಹೇಳುವುದಿಲ್ಲ. ಆದರೆ ವಿಎಂಡಿ ಅಂದರೆ ಏನು ಅಂತ ಕೇಳಿ ನೋಡಿ, ಕಣ್ಣು ಕಣ್ಣು ಬಿಟ್ಟರೆ ಬೇರೆ ಅಂಗಡಿ ನೋಡಿಕೊಳ್ಳಿ.

ಡಿಸ್ಕ್ ನಿಜವಾಗಿ ಸರಿ ಇದೆಯಾ ಎಂದು ತಿಳಿಯಲು ಮನೆಯಲ್ಲೇ ಒಂದು ಉಪಾಯ ಇದೆ. ಉಬುಂಟು 24.04 ಎಂಬ ಲಿನಕ್ಸ್ ಓಎಸ್ಸನ್ನು ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡಿಸಿ. ಲಿನಕ್ಸ್ ಕರ್ನಲ್‌ನಲ್ಲಿ ವಿಎಂಡಿ ಡ್ರೈವರ್ ಮೊದಲೇ ಇದೆ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' (lsblk) ಎಂದು ಕೊಟ್ಟ ಕೂಡಲೇ ನಮ್ಮ ಡಿಸ್ಕ್ ಪೂರ್ತಿ ಅಳತೆಯೊಂದಿಗೆ ಬಂತು. ಅಂಗಡಿಯವರ ಮಾತು ಅಲ್ಲಿಗೆ ಮುಗಿಯಿತು.

ಪೆನ್‌ಡ್ರೈವ್ ಮಾಡುವುದರಲ್ಲೂ ಆಯ್ಕೆ ಇದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಸುಲಭ, ಆದರೆ ಎಲ್ಲವನ್ನೂ ಅದೇ ಇಳಿಸಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು, ರೂಟರ್ ಆರಿತು, ಟೂಲ್ ಮತ್ತೆ ಮೊದಲಿಂದ ಶುರು ಮಾಡಿತು. ವಿಂಡೋಸ್‌ನ ಐಎಸ್‌ಒ ಫೈಲನ್ನು (ಇಡೀ ಸೆಟಪ್ ಇರುವ ಒಂದೇ ಫೈಲ್) ಬೇರೆಯಾಗಿ ಇಳಿಸಿಕೊಂಡು ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯುವುದು ನನಗೆ ಜಾಸ್ತಿ ಒಗ್ಗಿತು. ಅದರಲ್ಲಿ ಜಿಪಿಟಿ ಮತ್ತು ಯುಇಎಫ್‌ಐ ಆರಿಸಿ. ವೆಂಟಾಯ್ ಎಂಬ ಇನ್ನೊಂದು ತಂತ್ರಾಂಶ ಇನ್ನೂ ಚೆಂದ, ಒಂದೇ ಪೆನ್‌ಡ್ರೈವ್‌ನಲ್ಲಿ ವಿಂಡೋಸ್, ಉಬುಂಟು ಎರಡೂ. ಆದರೆ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ಬಯಾಸ್ ಕಾವಲು) ಆನ್ ಇದ್ದರೆ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತದೆ. ಗೊತ್ತಿಲ್ಲದವರು ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ.

ಈಗ ಅಸಲಿ ಪೈಪೋಟಿ. ವಿಎಂಡಿ ಆಫ್ ಮಾಡುವುದು ನೋಡಲಿಕ್ಕೆ ಸಲೀಸು. ಬಯಾಸ್‌ಗೆ ಹೋಗಿ (ನಮ್ಮದರಲ್ಲಿ ಎಫ್2), ಅಡ್ವಾನ್ಸ್‌ಡ್ ಪುಟದಲ್ಲಿ ವಿಎಂಡಿ ಕಂಟ್ರೋಲರ್ ಡಿಸೇಬಲ್ ಮಾಡಿ, ಎಫ್10 ಒತ್ತಿ ಉಳಿಸಿದರೆ ಆಯಿತು. ಸೆಟಪ್ ಮತ್ತೆ ಓಡಿಸಿದಾಗ ಡಿಸ್ಕ್ ತಾನಾಗಿಯೇ ಕಾಣಿಸಿತು, ಡ್ರೈವರ್ ಗೀವರ್ ಏನೂ ಬೇಡ. ಆ ಸಾಲು ಎಲ್ಲ ಬಯಾಸ್‌ಗಳಲ್ಲೂ ಕಾಣುತ್ತದೆ ಅಂತಿಲ್ಲ. ಕೆಲವು ಏಸರ್ ಮಾದರಿಗಳಲ್ಲಿ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದ ಮೇಲಷ್ಟೇ ಬರುತ್ತದೆ.

ತೊಡಕು ಆಮೇಲೆ. ವಿಎಂಡಿ ಆಫ್ ಇಟ್ಟು ವಿಂಡೋಸ್ ಹಾಕಿದ ಮೇಲೆ, ಏನಾಗುತ್ತದೆ ನೋಡೋಣ ಎಂದು ಬಯಾಸ್ ಸೆಟ್ಟಿಂಗ್‌ಗಳನ್ನು ಬೇಕೆಂದೇ ಡೀಫಾಲ್ಟ್‌ಗೆ ತಂದೆವು. ವಿಎಂಡಿ ಮತ್ತೆ ಆನ್ ಆಯಿತು. ನೀಲಿ ಪರದೆ, ಕೆಳಗೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ಹಿಂದಕ್ಕೆ ಆಫ್ ಮಾಡಿದಾಗ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಅಂದರೆ ಮುಂದೆ ಯಾವತ್ತೋ ಬಯಾಸ್ ಅಪ್‌ಡೇಟ್ ಆಗಿ ಸೆಟ್ಟಿಂಗ್ ಬದಲಾದರೆ, ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಈ ಪರದೆ ಬಂದರೆ, ಹುಡುಗನಿಗೆ ಕಾರಣ ನೆನಪಿರುತ್ತದಾ? ಇನ್ನೊಂದು ಮಾತು: ಕಂಪನಿಯೇ ವಿಂಡೋಸ್ ಹಾಕಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಇದನ್ನು ಮುಟ್ಟಬೇಡಿ. ಅದೇ ನೀಲಿ ಪರದೆ ಬರುತ್ತದೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೂಡ ಕೇಳಬಹುದು.

ಡ್ರೈವರ್ ಹಾಕುವ ದಾರಿ ಶುರುವಿನಲ್ಲಿ ಕಿರಿಕಿರಿ. ಮೊದಲಿಗೆ ಇನ್ನೊಂದು ಕಂಪ್ಯೂಟರ್ ಬೇಕು. ಆರ್‌ಎಸ್‌ಟಿ (ರಾಪಿಡ್ ಸ್ಟೋರೇಜ್ ಟೆಕ್ನಾಲಜಿ) ಎಂಬ ಈ ಡ್ರೈವರನ್ನು ಇಂಟೆಲ್ ಕೊಡುವುದು ಇಎಕ್ಸ್‌ಇ ಫೈಲ್ ಆಗಿ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ತೋರಿಸಿದರೆ ಸೆಟಪ್ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಿರುವುದು ಒಳಗಿನ ಐಎನ್‌ಎಫ್, ಎಸ್‌ವೈಎಸ್ ಫೈಲ್‌ಗಳು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಇಎಕ್ಸ್‌ಇ ಹೆಸರಾದ ಮೇಲೆ ಜಾಗ ಬಿಟ್ಟು, ಹೈಫನ್ ಹಾಕಿ 'ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್' (-extractdrivers) ಎಂದು ಬರೆದು ಒಂದು ಫೋಲ್ಡರ್ ಹೆಸರು ಕೊಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ವಿಎಂಡಿ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ. ನಿಮ್ಮ ಮಾದರಿಯ ಕಂಪನಿ ಪುಟದಲ್ಲೇ ಈ ಡ್ರೈವರ್ ಇದ್ದರೆ ಅದನ್ನೇ ತಗೊಳ್ಳಿ, ತಲೆಮಾರು ತಪ್ಪುವ ಭಯ ಇರುವುದಿಲ್ಲ.

ಸೆಟಪ್‌ನಲ್ಲಿ ಲೋಡ್ ಡ್ರೈವರ್ ಒತ್ತುವ ಹೊತ್ತಿಗೆ ನಮ್ಮ ಟಚ್‌ಪ್ಯಾಡ್ ಕೆಲಸ ಮಾಡಲಿಲ್ಲ, ಅದಕ್ಕೂ ಡ್ರೈವರ್ ಬೇಕಂತೆ. ಹಳೆಯ ಯುಎಸ್‌ಬಿ ಮೌಸ್ ಸಿಕ್ಕಿಸಿದೆವು. ಫೋಲ್ಡರ್ ತೋರಿಸಿದ ಮೇಲೆ 'ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 467ಎಫ್' ಎಂಬ ಸಾಲು ಬಂತು, ಒತ್ತಿದೆವು, ಖಾಲಿ ಪಟ್ಟಿಯಲ್ಲಿ ಡಿಸ್ಕ್ ಬಂದು ಕೂತಿತು. 12ನೇ ತಲೆಮಾರಿಗೆ ಆ 467ಎಫ್. 11ನೆಯದಾದರೆ 9ಎ0ಬಿ.

ಹೀಗೆ ಹಾಕಿದ ವಿಂಡೋಸ್ ಮೇಲೂ ಬಯಾಸನ್ನು ಡೀಫಾಲ್ಟ್‌ಗೆ ತಂದು ನೋಡಿದೆವು. ಏನೂ ಆಗಲಿಲ್ಲ, ಎಂದಿನಂತೆ ಶುರುವಾಯಿತು. ವೇಗದಲ್ಲಿ ಎರಡಕ್ಕೂ ನಮ್ಮ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಹುಡುಗನ ಯಂತ್ರದಲ್ಲಿ ಉಳಿಸಿದ್ದು ಡ್ರೈವರ್ ದಾರಿಯನ್ನೇ. ಪದೇ ಪದೇ ಬೇರೆ ಬೇರೆ ಓಎಸ್ ಹಾಕಿ ತೆಗೆಯುವ, ಬಯಾಸ್ ಒಳಗೆ ಓಡಾಡಿ ಗೊತ್ತಿರುವವರಾದರೆ ವಿಎಂಡಿ ಆಫ್ ಮಾಡಿಕೊಳ್ಳಲಿ, ಪ್ರತಿ ಸಲ ಡ್ರೈವರ್ ಹುಡುಕುವುದು ತಪ್ಪುತ್ತದೆ.

ಕೊನೆಗೆ ವೈಫೈ ಕೂಡ ಕಾಣಲಿಲ್ಲ, ಆದರೆ ಅದು ದೊಡ್ಡ ವಿಷಯವೇ ಅಲ್ಲ. ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ಬರುತ್ತದೆ, ಉಳಿದ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟೇ ತಂದುಕೊಳ್ಳುತ್ತದೆ. ವಿಎಂಡಿ ಫೋಲ್ಡರ್ ಇರುವ ಪೆನ್‌ಡ್ರೈವ್ ಮಾತ್ರ ಅಳಿಸಬೇಡಿ. ಮತ್ತೊಮ್ಮೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಬೇಕಾಗಿ ಬಂದರೆ ಅದೇ ಖಾಲಿ ಪಟ್ಟಿ ಬರುತ್ತದೆ.