ಫೈರ್‌ಫಿಶ್‌ಗೆ ಏಟೋ ರೋಗವೋ: ತೂತಿನ ಡಬ್ಬಿ, ಬೇರೆ ಟ್ಯಾಂಕ್, ಅಂಗಡಿಗೆ ಕಳಿಸುವ ಫೋಟೊ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ತೂತಿನ ಡಬ್ಬಿಗೆ. ಟ್ಯಾಂಕಿನ ಒಳಗೇ ಗಾಜಿಗೆ ಅಂಟಿಸಿ ಇಡುವ, ಸುತ್ತಲೂ ಸಣ್ಣ ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆ ಇದು. ಅಂಗಡಿಯವರು ಅಕ್ಲಿಮೇಷನ್ ಬಾಕ್ಸ್ ಅನ್ನುತ್ತಾರೆ. ಹೊಸ ಮೀನನ್ನು ಹಳೆಯವುಗಳಿಗೆ ಪರಿಚಯ ಮಾಡಿಸಲು ಅಂತ ಇದನ್ನು ಮಾರುತ್ತಾರೆ. ನನಗೆ ಇದು ಉಪಯೋಗಕ್ಕೆ ಬಂದದ್ದು ಬೇರೆ ಕೆಲಸಕ್ಕೆ. ರಾತ್ರಿ ಚೆನ್ನಾಗಿದ್ದ ಮೀನು ಬೆಳಿಗ್ಗೆ ಮೂಲೆ ಹಿಡಿದು ಕೂತಿದ್ದರೆ, ಅದಕ್ಕೆ ಏನಾಗಿದೆ ಅಂತ ತಿಳಿಯಲು.

ಕಲಬುರಗಿಯಲ್ಲಿ ಉಪ್ಪುನೀರಿನ ಮೀನು ಸಾಕುವವರು ಕಡಿಮೆ. ಮೀನು, ಉಪ್ಪು ಎಲ್ಲ ಹೈದರಾಬಾದಿನಿಂದಲೇ ಬರಬೇಕು. ಪಕ್ಕದ ಬೀದರಿನಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯ ಇದೆ ನಿಜ, ಆದರೆ ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ. ಹಾಗಾಗಿ ಮೀನು ಕಾಯಿಲೆ ಬಿದ್ದರೆ ಮೊದಲ ಡಾಕ್ಟರ್ ನಾವೇ.

ನನ್ನ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್, ಒಂದು ಹಳದಿ ಬಾಲದ ಡ್ಯಾಮ್ಸೆಲ್, ಒಂದು ಫೈರ್‌ಫಿಶ್ ಇದ್ದವು. ಫೈರ್‌ಫಿಶ್ ಬೆರಳುದ್ದದ ಮೀನು. ಮುಂಭಾಗ ಬಿಳಿ, ಬಾಲದ ಕಡೆ ಕಿತ್ತಳೆ ಕೆಂಪು, ಬೆನ್ನ ಮೇಲೆ ಕಡ್ಡಿಯಂಥ ಉದ್ದನೆಯ ರೆಕ್ಕೆ. ತುಂಬಾ ಅಂಜುಬುರುಕ. ಒಂದು ಬೆಳಿಗ್ಗೆ ನೋಡಿದರೆ ಆ ಕಡ್ಡಿ ಅರ್ಧಕ್ಕೆ ಮುರಿದಿದೆ, ಎಡಗಡೆ ಕಿವಿರಿನ ಹಿಂದೆ ಮಸುಕು ಬಿಳಿ ಕಲೆ, ಕಲ್ಲಿನ ಬಿಲ ಬಿಟ್ಟು ಈಚೆಗೇ ಬರುತ್ತಿಲ್ಲ.

ಫೋಟೊ ತೆಗೆದು ಅಂಗಡಿಗೆ ಕಳಿಸುವುದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ. ಉತ್ತರವೂ ಬೇಗ ಬಂತು: "ಸರ್, ಅದು ವೈಟ್ ಸ್ಪಾಟ್ ಅದ ರೀ, ಕಾಪರ್ ಹಾಕಿಬಿಡ್ರಿ." ವೈಟ್ ಸ್ಪಾಟ್ ಅಂದರೆ ಪರೋಪಜೀವಿಯಿಂದ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ, ಕಾಪರ್ ಅಂದರೆ ತಾಮ್ರದ ಔಷಧ. ಆದರೆ ನೀಲಿ ಎಲ್‌ಇಡಿ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಮರಳಿನ ಕಣವೂ ಚುಕ್ಕೆಯೇ, ಗಾಯವೂ ಚುಕ್ಕೆಯೇ. ಆ ಮಾತು ಕೇಳಿದ್ದರೆ ಮುಂದಿನ ದಾರಿ ತುಂಬಾ ಉದ್ದ. ತಾಮ್ರವನ್ನು ಮುಖ್ಯ ಟ್ಯಾಂಕಿಗೆ ಹಾಕುವಂತಿಲ್ಲ, ಸೀಗಡಿ, ಬಸವನಹುಳು, ಹವಳ ಎಲ್ಲ ಸಾಯುತ್ತವೆ, ಕಲ್ಲು ಮರಳು ಅದನ್ನು ಹೀರಿಕೊಳ್ಳುತ್ತವೆ. ಎಲ್ಲ ಮೀನನ್ನೂ ಹೊರಗೆ ತೆಗೆಯಬೇಕು. ಆಮೇಲೆ ಪರೋಪಜೀವಿ ಸಾಯಲಿ ಅಂತ ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕು, ಹವ್ಯಾಸಿಗಳು ಸಾಮಾನ್ಯವಾಗಿ 76 ದಿನ ಬಿಡುತ್ತಾರೆ. ಬರೀ ಏಟು ಬಿದ್ದ ಮೀನಿಗೆ ಇಷ್ಟೆಲ್ಲ ಯಾಕೆ? ಫೋಟೊಗಿಂತ ವಿಡಿಯೊ ಮೇಲು. ನೀಲಿ ಲೈಟ್ ಆರಿಸಿ, ಬಿಳಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ತೆಗೆದರೆ ಏನಾದರೂ ಕಾಣುತ್ತದೆ.

ಬೇರೆ ಟ್ಯಾಂಕ್ ಅಂದರೆ ಇಪ್ಪತ್ತು ಲೀಟರಿನ ಖಾಲಿ ಗಾಜಿನ ತೊಟ್ಟಿ, ಸ್ಪಂಜ್ ಫಿಲ್ಟರ್, ಅಡಗಲು ಒಂದು ಪಿವಿಸಿ ಪೈಪಿನ ತುಂಡು. ಎಲ್ಲರೂ ಮೊದಲು ಹೇಳುವುದು ಇದನ್ನೇ. ಔಷಧ ಹಾಕಬೇಕು ಅಂತ ಖಚಿತವಾದ ಮೇಲೆ ಇದಕ್ಕೆ ಬದಲಿ ಇಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಏನಾಗಿದೆ ಅಂತ ತಿಳಿಯಲು ಇದು ನನಗೆ ಸರಿಬರಲಿಲ್ಲ. ಹಿಂದೆ ಕ್ಲೌನ್ ಮೀನಿಗೆ ಬಳಸಿ ನೋಡಿದ್ದೆ, ಕಾರಣ ಆಗಲೇ ಗೊತ್ತಾಗಿತ್ತು.

ಮೀನಿನ ರೋಗ ಹಿಡಿಯಲು ನಮ್ಮ ಕೈಯಲ್ಲಿರುವ ದೊಡ್ಡ ಸುಳಿವು ಉಸಿರಾಟ. ಕಿವಿರು ಎಷ್ಟು ಬೇಗ ಬೇಗ ಬಡಿಯುತ್ತಿದೆ, ಜೊತೆಯ ಮೀನುಗಳಿಗಿಂತ ಜಾಸ್ತಿಯಾ ಅಂತ ನೋಡಬೇಕು. ವೆಲ್ವೆಟ್ ಅನ್ನುವ ಇನ್ನೊಂದು ಪರೋಪಜೀವಿ ರೋಗದಲ್ಲಿ ಮೈಮೇಲೆ ಸಣ್ಣ ಪುಡಿ ಕಾಣುವ ಮೊದಲೇ ಉಸಿರು ಏರುತ್ತದೆ, ಯಾಕೆಂದರೆ ಪರೋಪಜೀವಿ ಮೊದಲು ಹಿಡಿಯುವುದು ಕಿವಿರನ್ನೇ. ಬರೀ ಏಟು ಬಿದ್ದ ಮೀನು ಗಾಬರಿ ಇಳಿದ ಮೇಲೆ ಸಮನಾಗಿ ಉಸಿರಾಡುತ್ತದೆ. ಈಗ ಅದೇ ಮೀನನ್ನು ಬಲೆಯಲ್ಲಿ ಹಿಡಿದು, ಗಾಳಿಗೆ ತೆಗೆದು, ಗೊತ್ತಿಲ್ಲದ ತೊಟ್ಟಿಗೆ ಬಿಟ್ಟರೆ ಏನಾಗುತ್ತದೆ? ಉಸಿರು ಏರುತ್ತದೆ. ಅದು ರೋಗದ್ದಾ, ನಾವು ಕೊಟ್ಟ ಗಾಬರಿಯದ್ದಾ, ಹೇಗೆ ಹೇಳುವುದು?

ಇಷ್ಟಕ್ಕೇ ಮುಗಿಯಲ್ಲ. ಹೊಸ ತೊಟ್ಟಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯ ಇರುವುದಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯ ಬೇಗ ಕೂಡಿಕೊಳ್ಳುತ್ತದೆ. ಉಪ್ಪುನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ, ಅದರ ವಿಷಭಾಗವೂ ಜಾಸ್ತಿ. ನೀರು ಬಿಸಿಯಾದಷ್ಟೂ ಇನ್ನೂ ಜಾಸ್ತಿ. ನಮ್ಮೂರಿನ ಬಿಸಿಲು ಗೊತ್ತಲ್ವಾ? ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ದೊಡ್ಡ ಟ್ಯಾಂಕಿಗೆ ಫ್ಯಾನ್ ಹಚ್ಚಿ 27ರಲ್ಲಿ ನಿಲ್ಲಿಸಬಹುದು, ಆದರೆ ಸಣ್ಣ ತೊಟ್ಟಿ ಮಧ್ಯಾಹ್ನದ ಹೊತ್ತಿಗೆ ಕೋಣೆಯಷ್ಟೇ ಬಿಸಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಉಪ್ಪಿದ್ದರೆ ಮತ್ತೂ ಕಡಿಮೆ. ನಡುವೆ ಕರೆಂಟ್ ಹೋದರೆ ಗಾಳಿಯೂ ನಿಂತಿತು. ಆಗ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ರೋಗ ನೋಡಲು ಇಟ್ಟ ತೊಟ್ಟಿಯೇ ರೋಗದ ಲಕ್ಷಣ ಹುಟ್ಟಿಸುತ್ತದೆ. ಅಮೋನಿಯ ಕಟ್ಟಿಹಾಕುವ ದ್ರಾವಣ ಸುರಿಯೋಣ ಅಂದರೆ, ಅಂಥ ಕೆಲವು ದ್ರಾವಣಗಳು ಮುಂದೆ ತಾಮ್ರ ಹಾಕಿದಾಗ ಅದನ್ನೂ ವಿಷವಾಗಿಸುತ್ತವೆ. ಕೊನೆಗೆ ಉಳಿಯುವುದು ದಿನಾ ನೀರು ಬದಲಿಸುವ ಕೆಲಸ. ಬೋರ್ ನೀರು ಗಡಸು, ಹಾಗಾಗಿ ಆರ್‌ಒ ನೀರಿಗೇ ಉಪ್ಪು ಕಲಸಿ, ಸಾಂದ್ರತೆ 1.025ಕ್ಕೆ ತಂದು, ಬಿಸಿ ಹೊಂದಿಸಿ ಹಾಕಬೇಕು. ಕೆಲಸಕ್ಕೆ ಹೋಗುವವರಿಗೆ ಇದು ಆಗುವ ಮಾತಲ್ಲ.

ಸಿಹಿನೀರಿನ ಸ್ನಾನವನ್ನೂ ಕೆಲವರು ಪರೀಕ್ಷೆಯಾಗಿ ಮಾಡುತ್ತಾರೆ. ಪಿಎಚ್, ಬಿಸಿ ಎರಡೂ ಹೊಂದಿಸಿದ ಸಿಹಿನೀರಲ್ಲಿ ಐದು ನಿಮಿಷದ ಒಳಗೆ ಮೀನಿನ ಮೈಗೆ ಅಂಟುವ ಫ್ಲೂಕ್ ಹುಳುಗಳು ಬೆಳ್ಳಗಾಗಿ ಉದುರುತ್ತವೆ, ಕಣ್ಣಿಗೇ ಕಾಣುತ್ತವೆ. ಹುಳುವಿನ ಅನುಮಾನ ಇದ್ದಾಗ ಒಳ್ಳೆಯದು. ಹುರುಪೆ ಕಿತ್ತ ಮೀನಿಗೆ ನಾನಂತೂ ಮಾಡಲ್ಲ.

ಇನ್ನು ಡಬ್ಬಿ. ಸಂಜೆ ಲೈಟ್ ಆರಿದ ಮೇಲೆ ಮೀನನ್ನು ಲೋಟದಲ್ಲಿ ನೀರಿನ ಸಮೇತ ಎತ್ತಿ, ನೀರಿನ ಒಳಗೇ ಡಬ್ಬಿಗೆ ಬಿಟ್ಟೆ. ಅದೇ ನೀರು, ಅದೇ ಬಿಸಿ, ಅದೇ ಉಪ್ಪು. ಹಾಗಾಗಿ ಉಸಿರು ಬೇಗ ಇಳಿಯಿತು, ಪಕ್ಕದಲ್ಲಿ ಕ್ಲೌನ್ ಎಷ್ಟು ಬಡಿಯುತ್ತಿತ್ತೋ ಅಷ್ಟಕ್ಕೇ ಬಂತು. ಅಲ್ಲಿಗೆ ವೆಲ್ವೆಟ್ ಭಯ ಅರ್ಧ ಹೋಯಿತು. ಗಾಜಿಗೆ ಹತ್ತಿರ ಇರುವುದರಿಂದ ಟಾರ್ಚ್ ಹಿಡಿದು ಕಲೆಯನ್ನು ಸರಿಯಾಗಿ ನೋಡಬಹುದಿತ್ತು. ಉಪ್ಪಿನ ಹರಳಿನಂತೆ ಬಿಡಿಬಿಡಿ ಉಬ್ಬಿದ ಚುಕ್ಕೆಗಳಲ್ಲ. ಒಂದೇ ಕಲೆ, ಒಂದೇ ಬದಿಗೆ, ಅಂಚು ಸ್ಪಷ್ಟ, ನಡುವೆ ಹುರುಪೆ ಇಲ್ಲ. ಬಲಗಡೆ ಮೈ ನುಣ್ಣಗೆ, ಎರಡೂ ಕಣ್ಣು ಸರಿ. ಮರುದಿನ ಕಲೆ ಹರಡಿರಲಿಲ್ಲ, ಆರ್ಟೀಮಿಯ (ಮೀನಿಗೆ ಆಹಾರವಾಗಿ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ಹಾಕಿದರೆ ಮೀನು ತಿಂದಿತು.

ಮತ್ತೊಂದು ವಿಷಯ ಬೇರೆ ಯಾವ ವಿಧಾನದಲ್ಲೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಲೈಟ್ ಹತ್ತಿದ ಕೂಡಲೇ ಡ್ಯಾಮ್ಸೆಲ್ ಬಂದು ಡಬ್ಬಿಗೆ ಗುದ್ದಿತು. ತಿರುಗಿ ಹೋಗಿ, ಮತ್ತೆ ಬಂದು, ಫೈರ್‌ಫಿಶ್ ಇದ್ದ ಮೂಲೆಗೇ ಗುದ್ದಿತು. ಕ್ಲೌನ್‌ಗಳು ಆ ಕಡೆ ತಲೆಯೂ ಹಾಕಲಿಲ್ಲ. ಏಟು ಕೊಟ್ಟವನು ಯಾರು ಅಂತ ಕೇಳುವ ಅಗತ್ಯವೇ ಬರಲಿಲ್ಲ.

ಡಬ್ಬಿಯಲ್ಲೂ ಕೊರತೆ ಇದೆ. ರಬ್ಬರ್ ಬಿಲ್ಲೆಗಳು ಪಾಚಿ ಹಿಡಿದ ಗಾಜಿಗೆ ನಿಲ್ಲಲ್ಲ, ಗಾಜು ಉಜ್ಜಿಯೇ ಅಂಟಿಸಬೇಕು. ಮುಚ್ಚಳ ಇರಲೇಬೇಕು, ಫೈರ್‌ಫಿಶ್ ಹಾರುತ್ತದೆ. ದೊಡ್ಡ ಕೊರತೆ ಅಂದರೆ ನೀರು ಒಂದೇ ಆದ್ದರಿಂದ ಅಂಟುರೋಗ ತಡೆಯಲಾಗದು. ಉಸಿರು ಇಳಿಯದಿದ್ದರೆ, ಮೈಮೇಲೆ ಪುಡಿ ಕಂಡರೆ, ಕ್ಲೌನ್‌ಗಳಿಗೆ ಬರುವ ಬ್ರೂಕ್ಲಿನೆಲ್ಲ ರೋಗದಂತೆ ಲೋಳೆ ಸುಲಿದು ಬರುತ್ತಿದ್ದರೆ, ಅದೇ ದಿನ ಬೇರೆ ಟ್ಯಾಂಕಿಗೆ ಹಾಕಿ ಚಿಕಿತ್ಸೆ ಶುರು ಮಾಡಲೇಬೇಕು. ವೆಲ್ವೆಟ್, ಬ್ರೂಕ್ಲಿನೆಲ್ಲ ಎರಡೂ ಕಾಯುವ ರೋಗಗಳಲ್ಲ. ವೈಟ್ ಸ್ಪಾಟ್ ವಿಷಯದಲ್ಲೂ ಹುಷಾರು. ಚುಕ್ಕೆಗಳು ಕೆಲವು ದಿನಕ್ಕೆ ತಾವೇ ಮಾಯವಾಗುತ್ತವೆ, ಗುಣವಾಯಿತು ಅನ್ನಿಸುತ್ತದೆ. ಆದರೆ ಅವು ಕೆಳಗೆ ಬಿದ್ದು ಮರಿ ಮಾಡಿ ಮತ್ತೆ ಏರುತ್ತವೆ.

ಡ್ಯಾಮ್ಸೆಲ್ ಈಗ ಗೆಳೆಯನ ದೊಡ್ಡ ಟ್ಯಾಂಕಿನಲ್ಲಿದೆ. ಔಷಧ ಏನೂ ಹಾಕದೆ, ಒಳ್ಳೆಯ ನೀರಲ್ಲೇ ಫೈರ್‌ಫಿಶ್ ಚೇತರಿಸಿಕೊಂಡಿತು, ಬೆನ್ನ ಕಡ್ಡಿಯೂ ಚಿಗುರಿತು.

ಸಣ್ಣ ಬಜೆಟ್ಟಿನಲ್ಲಿ ಒಂದೇ ಟ್ಯಾಂಕ್ ಇಟ್ಟವರು, ಹಗಲು ಮನೆಯಲ್ಲಿ ಇರದವರು ಮೊದಲು ಮುಚ್ಚಳದ ಡಬ್ಬಿ, ಬಿಳಿ ಟಾರ್ಚ್, ಬ್ಯಾಟರಿ ಏರ್ ಪಂಪ್ ತಗೊಳ್ಳಿ. ಮೂರೂ ಸೇರಿ ಒಂದು ಒಳ್ಳೆಯ ಮೀನಿನ ಬೆಲೆ ದಾಟಲ್ಲ. ಬೇರೆ ಟ್ಯಾಂಕಿನ ಗಾಜು ಆಮೇಲೆ ತಂದರೂ ನಡೆಯುತ್ತದೆ, ಆದರೆ ಅದರ ಸ್ಪಂಜನ್ನು ಮಾತ್ರ ಈಗಲೇ ಮುಖ್ಯ ಟ್ಯಾಂಕಿನ ಫಿಲ್ಟರ್ ಹಿಂದೆ ಮುಳುಗಿಸಿಡಿ. ಬ್ಯಾಕ್ಟೀರಿಯ ಅದರಲ್ಲಿ ಬೆಳೆದಿದ್ದರೆ, ಬೇಕಾದ ದಿನ ಅಮೋನಿಯದ ಕಾಟ ಅಷ್ಟಿರಲ್ಲ.