41,000 ಕಿ.ಮೀ. ಆದ ಮೇಲೆ: ನಮ್ಮ ಕಾರಿನ ಅಡಾಸ್ ಮತ್ತು ನಮಗೆ ಯಾರೂ ಹೇಳಿಕೊಡದ ಪಾಠ

ಕಾರು ತಗೊಂಡು ಎರಡು ವರ್ಷ ಎಂಟು ತಿಂಗಳಾಯಿತು. ಮೀಟರ್ 41,000 ಕಿ.ಮೀ. ದಾಟಿದೆ. ಮನೆ ಚಿಕ್ಕಮಗಳೂರಿನಲ್ಲಿ, ತೋಟ ಮೂಡಿಗೆರೆ ಕಡೆ, ಮಗಳ ಕಾಲೇಜು ಬೆಂಗಳೂರಿನಲ್ಲಿ. ಹಾಗಾಗಿ ಹೆದ್ದಾರಿ, ಘಾಟಿ, ತೋಟದ ಮಣ್ಣು ರಸ್ತೆ ಮೂರರಲ್ಲೂ ಓಡಿಸಿದ್ದೇನೆ. ಮೈಲೇಜ್, ಸೀಟು, ಡಿಕ್ಕಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಅಡಾಸ್, ಅಂದರೆ ಓಡಿಸುವವರಿಗೆ ಕಾರೇ ನೆರವಾಗುವ ವ್ಯವಸ್ಥೆ, ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಕಂಪನಿ ಹೆಸರು ಬೇಡ. ಈ ಸೌಕರ್ಯ ಇರುವ ಯಾವ ಕಾರು ತಗೊಂಡರೂ ಇದೇ ಪ್ರಶ್ನೆಗಳು ಬರುತ್ತವೆ.

ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ, ಬಂಪರ್ ಒಳಗೆ ಒಂದು ರಾಡಾರ್. ಇವೆರಡನ್ನು ನಂಬಿಕೊಂಡು ಕಾರು ಮುಂದಿನ ಗಾಡಿಯಿಂದ ಅಂತರ ಕಾಯುತ್ತದೆ, ಬಿಳಿ ಗೆರೆಗಳ ನಡುವೆ ಉಳಿಯುತ್ತದೆ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುತ್ತದೆ. ಇದಕ್ಕೆ 2ನೇ ಹಂತ ಅಂತಾರೆ. ಕಾರು ಎಷ್ಟರಮಟ್ಟಿಗೆ ತಾನೇ ಓಡುತ್ತದೆ ಅನ್ನುವುದಕ್ಕೆ ಒಟ್ಟು ಹಂತಗಳು 0ಯಿಂದ 5ರವರೆಗೆ. 2ನೇ ಹಂತದಲ್ಲಿ ಕಾರು ಸಹಾಯ ಮಾಡುತ್ತದೆ ಅಷ್ಟೇ, ಓಡಿಸುವವರು ನಾವೇ. ಕೆಲವು ಸಂದರ್ಭಗಳಲ್ಲಿ ಕಾರೇ ಓಡಿಸುವ 3ನೇ ಹಂತಕ್ಕೆ ಜರ್ಮನಿಯಲ್ಲಿ 2021ರ ಕೊನೆಗೆ ಮರ್ಸಿಡಿಸ್‌ಗೆ ಅನುಮತಿ ಸಿಕ್ಕಿತು. ಅದೂ ಮೊದಲಿಗೆ ಕೆಲವು ಹೆದ್ದಾರಿಗಳಲ್ಲಿ, ಗಂಟೆಗೆ 60 ಕಿ.ಮೀ. ವೇಗದ ಒಳಗೆ ಮಾತ್ರ.

ಡೆಲಿವರಿ ದಿನ ಶೋರೂಮ್‌ನಲ್ಲಿ ನನಗೆ ಇದ್ಯಾವುದನ್ನೂ ಹೇಳಲಿಲ್ಲ. ಫೋನ್ ಜೋಡಿಸುವುದು, ಸನ್‌ರೂಫ್ ತೆಗೆಯುವುದು, ಆ್ಯಪ್ ಹಾಕುವುದು ತೋರಿಸಿದರು. ಅಡಾಸ್ ಬಗ್ಗೆ ಒಂದೇ ಮಾತು: "ಇದು ಆನ್ ಇರ್ಲಿ ಸಾರ್, ಕಾರೇ ನೋಡ್ಕೊಳ್ಳುತ್ತೆ." ಆಮೇಲೆ ಹಾರ ಹಾಕಿ ಫೋಟೊ ತೆಗೆದರು.

ಆರು ತಿಂಗಳು ನಾನೂ ಆ ಮಾತನ್ನೇ ನಂಬಿದ್ದೆ. ಹಾಸನ ದಾಟಿ ನಾಲ್ಕು ಪಥದ ರಸ್ತೆ ಸಿಕ್ಕ ಕೂಡಲೇ ಕ್ರೂಸ್, ಅಂದರೆ ವೇಗ ಮತ್ತು ಅಂತರವನ್ನು ಕಾರೇ ಕಾಯುವ ಸೌಕರ್ಯ, ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ತುಂಬಾ ಆರಾಮ. ಬೆಂಗಳೂರು ಮುಟ್ಟುವಷ್ಟರಲ್ಲಿ ಬಲಗಾಲು ನೋಯುತ್ತಿದ್ದುದು ನಿಂತೇಹೋಯಿತು. ಜೊತೆಗೆ ಇನ್ನೊಂದೂ ಆಯಿತು, ಅದು ನನಗೆ ಗೊತ್ತೇ ಆಗಲಿಲ್ಲ. ನಾನು ರಸ್ತೆ ನೋಡುವುದು ಕಡಿಮೆಯಾಗಿತ್ತು. ಕಣ್ಣು ಮುಂದೆಯೇ ಇರುತ್ತಿತ್ತು, ಗಮನ ಇರುತ್ತಿರಲಿಲ್ಲ.

ಒಂದು ಸಂಜೆ ಚನ್ನರಾಯಪಟ್ಟಣದ ಹತ್ತಿರ ಕ್ರೂಸ್ 90ರಲ್ಲಿತ್ತು. ಮುಂದೆ ಒಂದು ಬಿಳಿ ಕಾರು. ಅದು ಇದ್ದಕ್ಕಿದ್ದ ಹಾಗೆ ಬಲಕ್ಕೆ ಸರಿಯಿತು. ಅದರ ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ನಮ್ಮ ಕಾರು ಬ್ರೇಕ್ ಹಾಕಲಿಲ್ಲ. ಮುಂದಿನ ಗಾಡಿ ಸರಿದು ದಾರಿ ಖಾಲಿಯಾಯಿತು ಅಂತ ವೇಗ ಹೆಚ್ಚಿಸಲು ಹೊರಟಿತ್ತು. 90ರ ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಹೆಂಡತಿ "ರೀ!" ಅಂದಳು, ಬ್ರೇಕ್ ತುಳಿದೆ, ಎಡಕ್ಕೆ ಮಣ್ಣಿಗಿಳಿದು ನಿಂತಿತು. ಕಿಟಕಿ ಪಕ್ಕದಲ್ಲೇ ಹುಲ್ಲಿನ ಎಳೆಗಳು ನೇತಾಡುತ್ತಿದ್ದವು.

ಮನೆಗೆ ಬಂದು ಮೊದಲ ಸಲ ಮ್ಯಾನುಯಲ್ ಓದಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಂತಿರುವ ವಾಹನವನ್ನು, ಅದರಲ್ಲೂ ಮುಂದಿನ ಗಾಡಿ ಪಕ್ಕಕ್ಕೆ ಸರಿದಾಗ ಎದುರಾಗುವ ವಾಹನವನ್ನು, ಇದು ಗುರುತಿಸದೇ ಇರಬಹುದು. ಕಾರಣವೂ ಇದೆ. ರಸ್ತೆ ಬದಿಯ ಬೋರ್ಡು, ಸೇತುವೆ, ಕಂಬ ಎಲ್ಲವೂ ರಾಡಾರ್‌ಗೆ ನಿಂತ ವಸ್ತುಗಳೇ. ಅವೆಲ್ಲಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಕಾರು ಮುಂದೆ ಹೋಗುವುದೇ ಇಲ್ಲ. ಅದಕ್ಕೆ ಜೋರಿನಲ್ಲಿ ಹೋಗುವಾಗ ನಿಂತ ವಸ್ತುಗಳನ್ನು ಬಹಳಷ್ಟು ಬಿಟ್ಟುಬಿಡುತ್ತದೆ. ಇಷ್ಟು ಮುಖ್ಯವಾದ ಮಾತು ಇನ್ನೂರಕ್ಕೂ ಹೆಚ್ಚು ಪುಟ ದಾಟಿದ ಮೇಲೆ, ಇಂಗ್ಲಿಷಿನಲ್ಲಿ ಇತ್ತು.

ಇಂಗ್ಲಿಷ್ ಅಂದಾಗ ನಮ್ಮ ತೋಟದ ಜೀಪ್ ಓಡಿಸುವ ಹುಡುಗನ ವಿಷಯ ಹೇಳಬೇಕು. ನಾನಿಲ್ಲದಾಗ ಈ ಕಾರಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅವನೇ. ಮಳೆಯಲ್ಲಿ ಚಾರ್ಮಾಡಿ ಇಳಿಸುವುದರಲ್ಲಿ ನನಗಿಂತ ನೂರು ಪಾಲು ಮೇಲು. ಆದರೆ ಒಂದು ದಿನ ಬೇಲೂರು ರಸ್ತೆಯಿಂದ ಬಂದವನ ಮುಖ ಬಾಡಿತ್ತು. "ಸಾರ್, ಎತ್ತಿನ ಗಾಡಿ ದಾಟಿಸ್ವಾಗ ಸ್ಟೇರಿಂಗ್ ಯಾರೋ ಹಿಡಿದು ಎಳ್ದಂಗಾಯ್ತು. ಗಾಡೀಲಿ ಏನೋ ತೊಂದ್ರೆ ಐತೆ." ತೊಂದರೆ ಏನೂ ಇರಲಿಲ್ಲ. ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಕಾರು ಸ್ಟೇರಿಂಗನ್ನು ವಾಪಸ್ ತಿರುಗಿಸುತ್ತದೆ. ಅದನ್ನು ಅವನಿಗೆ ಹೇಳಿರಲೇ ಇಲ್ಲ. ಆ ತಪ್ಪು ಪೂರ್ತಿ ನನ್ನದು.

ಆವತ್ತು ರಾತ್ರಿ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದೆವು. ಮಂಜು, ಜೋರು ಮಳೆ ಇದ್ದರೆ ಕ್ರೂಸ್ ಬಂದ್. ಘಾಟಿಯಲ್ಲಿ ಗೆರೆ ಹಿಡಿಯುವುದು ಬಂದ್. ತೋಟದಿಂದ ಬಂದ ಮೇಲೆ ಬಂಪರ್ ಮೇಲಿನ ಕೆಸರು ಒರೆಸಬೇಕು, ಇಲ್ಲದಿದ್ದರೆ ರಾಡಾರ್‌ಗೆ ಕಾಣುವುದಿಲ್ಲ. ಆ ಹಾಳೆ ಈಗಲೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ.

ಮಗಳು ಕಳೆದ ವರ್ಷ ಲೈಸೆನ್ಸ್ ಮಾಡಿಸಿದಳು. ಎಲ್‌ಎಲ್‌ಆರ್, ಮೂವತ್ತು ದಿನ, ಆಮೇಲೆ ಟೆಸ್ಟ್. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅಡಾಸ್ ಇಲ್ಲ, ಟೆಸ್ಟ್‌ನಲ್ಲಿ ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಆದರೆ ಅವಳು ಓಡಿಸಬೇಕಾದದ್ದು ಈ ಕಾರನ್ನು. ಮೊದಲ ಮೂರು ತಿಂಗಳು ಎಲ್ಲವನ್ನೂ ಆಫ್ ಮಾಡಿಸಿದೆ, ತಾನೇ ಬ್ರೇಕ್ ಹಾಕುವುದೊಂದನ್ನು ಬಿಟ್ಟು. ಆಮೇಲೆ ಒಂದೊಂದಾಗಿ ಆನ್. ಆನ್ ಮಾಡಿದಾಗ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು: "ಎಡಗಡೆ ಗೆರೆ ಇಲ್ಲ", "ಆಟೋ ನಿಂತಿದೆ, ಕಾರಿಗೆ ಕಾಣ್ತಿಲ್ಲ". ಮೊದಲು ಬೇಜಾರು ಮಾಡಿಕೊಂಡಳು. ಈಗ ನಾನು ಸುಮ್ನಿದ್ದರೆ ಅವಳೇ ನನ್ನನ್ನು ಎಚ್ಚರಿಸುತ್ತಾಳೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದಾಗ ಅವಳಿಗೆ ಟೆಂಪಿ ಅನ್ನುವ ಊರಿನ ಕಥೆ ಹೇಳಿದ್ದೆ. 2018ರ ಮಾರ್ಚ್ 18, ಅಮೆರಿಕದ ಅರಿಝೋನಾ. ಊಬರ್‌ನ ಪರೀಕ್ಷಾ ಕಾರು ತಾನೇ ಓಡುತ್ತಿತ್ತು. ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಅವರು ತೀರಿಹೋದರು. ಗುದ್ದುವ 5.6 ಸೆಕೆಂಡ್ ಮೊದಲೇ ಕಾರಿಗೆ ಏನೋ ಕಂಡಿತ್ತು, ಏನು ಅಂತ ತೀರ್ಮಾನಿಸಲು ಆಗಲಿಲ್ಲ. ಕಾರಿನ ಮೇಲೆ ಕಣ್ಣಿಡಲು ಡ್ರೈವರ್ ಸೀಟಿನಲ್ಲಿ ಕೂತಿದ್ದವರ ಕಣ್ಣು ಫೋನಿನ ಮೇಲಿತ್ತು. ಕಂಪನಿ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. 2023ರಲ್ಲಿ ತಪ್ಪೊಪ್ಪಿಕೊಂಡದ್ದು ಸೀಟಿನಲ್ಲಿದ್ದವರು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ "ಕಾರೇ ಓಡಿಸ್ತಿತ್ತು" ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಖರ್ಚಿನ ಮಾತು ಒಂದಿದೆ. ಟಿಪ್ಪರ್‌ನಿಂದ ಸಿಡಿದ ಕಲ್ಲಿಗೆ ಮುಂದಿನ ಗಾಜು ಸೀಳಿತು. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಲೇಬೇಕು. ಇಲ್ಲಿ ಆ ಉಪಕರಣ ಇರಲಿಲ್ಲ, ಇನ್ನೊಂದು ದಿನ ಹಾಸನಕ್ಕೆ ಹೋಗಿಬಂದೆ. ಗಾಜು ಹಾಕಿಸುವಾಗ ಇದನ್ನು ನೀವೇ ಕೇಳಿ, ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಹಾಗಂತ ಅಡಾಸ್ ಬೇಡ ಅನ್ನುವುದಿಲ್ಲ. ಬೇಲೂರು ಬಸ್ ಸ್ಟ್ಯಾಂಡ್ ಹತ್ತಿರ ಅಡ್ಡ ಬಂದ ಸ್ಕೂಟರ್‌ಗೆ ನನಗಿಂತ ಮೊದಲು ಬ್ರೇಕ್ ಹಾಕಿದ್ದು ಕಾರೇ. ಅದರಲ್ಲಿ ಮುಂದೆ ಒಂದು ಮಗು ನಿಂತಿತ್ತು. ಆ ಒಂದು ಕ್ಷಣಕ್ಕೆ ಕೊಟ್ಟ ದುಡ್ಡೆಲ್ಲ ಸಾರ್ಥಕ. ಮುಂದಿನ ಕಾರಿನಲ್ಲೂ ಇದನ್ನೇ ಹಾಕಿಸುತ್ತೇನೆ. ಆದರೆ ಡೆಲಿವರಿ ದಿನ ಹಾರ, ಫೋಟೊ ಆಮೇಲೆ. ಮೊದಲು ಒಂದು ಗಂಟೆ ರಸ್ತೆಯಲ್ಲಿ ಕೂರಿಸಿಕೊಂಡು, ಇದಕ್ಕೆ ಏನೇನು ಕಾಣುವುದಿಲ್ಲ ಅಂತ ತೋರಿಸಿ ಅಂತ ಕೇಳುತ್ತೇನೆ. ನಮ್ಮ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ.

ಈ ಸಂಕ್ರಾಂತಿ ಹೊತ್ತಿಗೆ ಅವನು ಹಳೇಬೀಡು ಕಡೆ ಹೋಗಿದ್ದ. ರಸ್ತೆ ತುಂಬಾ ಹುರುಳಿ ಹರಡಿದ್ದರಂತೆ, ಬಿಳಿ ಗೆರೆ ಪೂರ್ತಿ ಮುಚ್ಚಿತ್ತಂತೆ. ಪರದೆ ಮೇಲಿನ ಹಸಿರು ಚಿಹ್ನೆ ಸದ್ದಿಲ್ಲದೆ ಬೂದು ಬಣ್ಣಕ್ಕೆ ತಿರುಗಿದ್ದನ್ನು ಅವನು ಗಮನಿಸಿದ್ದಾನೆ. ವಾಪಸ್ ಬಂದು ಆ ಹಾಳೆ ತೆಗೆದು, ಕೆಳಗೆ ತನ್ನ ಕೈಯಲ್ಲೇ ಇನ್ನೊಂದು ಸಾಲು ಸೇರಿಸಿದ: "ರಸ್ತೇಲಿ ಒಕ್ಕಣೆ ಕಂಡರೆ ಎಲ್ಲಾ ಬಂದ್, ನಿಧಾನ."